ಅಪ್ಪ ಹೇಳಿದ್ದು ಇಷ್ಟು

ಜುಲೈ 15, ಸೋಮವಾರ

ಇವತ್ತಿನಿಂದ ನಾನು ಕಾನೂನು ವಿದ್ಯಾರ್ಥಿನಿ. ಮೂರು ವರ್ಷ ಕೊರಿಯರ್ ಕಚೇರಿಯ ಫೋನಿನ ಮುಂದೆ ಕೂತು, ಕಳೆದುಹೋದ ಪೊಟ್ಟಣಗಳಿಗಾಗಿ ಸಂಬಳ ತೆಗೆದುಕೊಂಡು ಬೈಸಿಕೊಳ್ಳುತ್ತಿದ್ದೆ. ಇನ್ನು ಮೇಲೆ ಸಂಬಳವಿಲ್ಲದೆ ಬೈಸಿಕೊಳ್ಳಬೇಕು.

ಸ್ಕಾಲರ್‌ಶಿಪ್ ಕೊಟ್ಟಿರುವುದು ವಕೀಲರೇ ಸೇರಿ ಮಾಡಿಕೊಂಡ ಒಂದು ನಿಧಿ. ಕಾನೂನು ಕಾಲೇಜಿನ ಮೆಟ್ಟಿಲು ಹತ್ತಿ ಗೊತ್ತಿಲ್ಲದ ಮನೆಗಳ ಐದು ಜನರಿಗೆ ಮೊದಲ ವರ್ಷದ ಫೀಸು, ಪುಸ್ತಕ, ಓಡಾಟದ ಖರ್ಚು. ಮುಂದಿನ ವರ್ಷಗಳಿಗೆ ಐವರಲ್ಲಿ ಮೂವರನ್ನು ಮಾತ್ರ ಆರಿಸುತ್ತಾರೆ. ಅಂಕ ನೋಡುತ್ತಾರೆ, ಮನೆಗೂ ಬಂದು ಮಾತಾಡಿಸುತ್ತಾರೆ. ಆ ಮೂವರಲ್ಲಿ ನಾನಿಲ್ಲದಿದ್ದರೆ ಮತ್ತೆ ಕೊರಿಯರ್ ಕಚೇರಿ, ಮತ್ತೆ ಪೊಟ್ಟಣ.

ಐವರನ್ನೂ ಸಾಲಾಗಿ ಕೂರಿಸಿ ಫೋಟೊ ತೆಗೆದರು. ಗಾಲಿಕುರ್ಚಿಯ ಹುಡುಗಿ, ಅನಾಥಾಲಯದಲ್ಲಿ ಬೆಳೆದವನು, ಸರ್ಕಸ್ ಡೇರೆಯಲ್ಲಿ ಹುಟ್ಟಿದವಳು, ನಾನು, ಮತ್ತೆ ಒಬ್ಬ ಅಜ್ಜ. ಅಜ್ಜನೆಂದರೆ ಐವತ್ತನಾಲ್ಕು ವರ್ಷ. ಬ್ಯಾಂಕಿನ ಬಾಗಿಲಲ್ಲಿ ಕಾವಲಿಗೆ ನಿಲ್ಲುತ್ತಿದ್ದವರು. ತರಗತಿಗೆ ಬಂದಾಗ ಎಲ್ಲರೂ ಮೇಷ್ಟ್ರೆಂದುಕೊಂಡು ಎದ್ದು ನಿಂತರು. "ಕೂತ್ಕೊಳ್ರಪ್ಪ, ನಾನೂ ನಿಮ್ಮ ಜೊತೆ ಫೇಲಾಗೋಕೇ ಬಂದಿರೋದು" ಅಂದರು. ಅಲ್ಲಿಂದ ಅವರ ಹೆಸರು ಅಜ್ಜ.

ಫೋಟೊದವನು ಒಬ್ಬೊಬ್ಬರನ್ನೇ "ನಿಮ್ಮದೇನು?" ಎಂದು ಕೇಳುತ್ತ ಬಂದ. ನಿಮ್ಮ ಕಷ್ಟ ಯಾವುದು ಅಂತ ಅರ್ಥ. "ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಿಸಲ್ಲ" ಅಂದೆ. "ಅಯ್ಯೋ" ಅಂದ. ಸರ್ಕಸ್‌ನವಳಿಗೆ "ಓಹೋ" ಸಿಕ್ಕಿತು. ಸ್ವಲ್ಪ ಹೊಟ್ಟೆ ಉರಿಯಿತು.

ಜುಲೈ 24

ಸಂಜೆ ಅಪ್ಪನ ಪಾಠ. ನಾನು ಕಲಿತದ್ದನ್ನೆಲ್ಲ ಅವನೂ ಕಲಿಯಬೇಕಂತೆ. ಒಬ್ಬರ ಸ್ಕಾಲರ್‌ಶಿಪ್ಪಿನಲ್ಲಿ ಇಬ್ಬರು ಓದಿದರೆ ನಿಧಿಯವರ ಗಂಟೇನು ಹೋಗುತ್ತದೆ ಎಂಬುದು ಅವನ ವಾದ. ಅಪ್ಪ ಒಂದು ಫರ್ನಿಚರ್ ವರ್ಕ್‌ಶಾಪಿನಲ್ಲಿ ಮರಕ್ಕೆ ಪಾಲಿಶ್ ಹಾಕುತ್ತಾನೆ, ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಕೆಲಸದಿಂದ ಬಂದು ಕೈ ತೊಳೆದು, ಉಗುರಿನ ಸುತ್ತ ಬಣ್ಣ ಉಳಿದಿರುವಾಗಲೇ ಅಪ್ಪ ನನ್ನೆದುರು ಕೂತು ಮಂಡಿ ತಟ್ಟುತ್ತಾನೆ. ಹೇಳು, ಎಂದು.

ಕಾನೂನಿನ ಮಾತುಗಳಿಗೆ ನಮ್ಮ ಮನೆಯಲ್ಲಿ ಸನ್ನೆಗಳಿಲ್ಲ, ಮಾಡಿಕೊಳ್ಳಬೇಕು. ಸಾಕ್ಷಿಗೆ, ಎರಡು ಬೆರಳನ್ನು ಕಣ್ಣಿನ ಕೆಳಗಿಟ್ಟು ಮುಂದಕ್ಕೆ ಚಾಚುವುದು ಎಂದಾಯಿತು. ವಕೀಲರಿಗೆ ಅಮ್ಮ ಸೂಚಿಸಿದ್ದು, ಕೊರಳಿನ ಬಿಳಿ ಪಟ್ಟಿ ತೋರಿಸಿ ಆಮೇಲೆ ಬಾಯಿಯ ಹತ್ತಿರ ಬೆರಳು ಪಟಪಟ. ಸರ್ವಾನುಮತದಿಂದ ಒಪ್ಪಿಗೆಯಾಯಿತು.

ಇವತ್ತಿನ ಪಾಠ, ಯಾರೂ ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು, ಎರಡೂ ಕಡೆಯವರ ಮಾತು ಕೇಳದೆ ತೀರ್ಪು ಕೊಡಬಾರದು. ಅಪ್ಪ ಕೈ ಎತ್ತಿ ತಡೆದ. "ಕೇಳಬೇಕು, ಸರಿ. ಒಂದು ಕಡೆಯವನು ನನ್ನ ಥರ ಕಿವುಡ ಆಗಿದ್ರೆ?"

"ದುಭಾಷಿ ಇರ್ತಾರೆ."

"ಆ ದುಭಾಷಿ ಬೇರೆ ಏನೋ ಹೇಳಿದ್ರೆ?"

"ಹಾಗೆ ಹೇಳಬಾರದು ಅಂತ ಪ್ರಮಾಣ ಮಾಡಿಸ್ತಾರೆ ಅಪ್ಪ."

ತಲೆಯಾಡಿಸಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಪಾಠ ಚೆನ್ನಾಗಿ ತಲೆಗೆ ಹೋಗಿದೆ ಎಂದು ಕಾಣುತ್ತದೆ.

ಆಗಸ್ಟ್ 11, ಭಾನುವಾರ

ಕೆಳಗಿನ ಮನೆಯವರು ಜಗಳಕ್ಕೆ ಬಂದಿದ್ದರು. ಕಿವಿ ಕೇಳಿಸದವರ ಮನೆ ನಿಶ್ಶಬ್ದವಾಗಿರುತ್ತದೆ ಎಂದು ಲೋಕ ನಂಬಿದೆ. ನಮ್ಮ ಮನೆಯಲ್ಲಿ ಒಬ್ಬರನ್ನೊಬ್ಬರು ಕರೆಯಬೇಕಾದರೆ ನೆಲಕ್ಕೆ ಕಾಲು ಬಡಿಯುತ್ತೇವೆ, ಮೇಜು ಗುದ್ದುತ್ತೇವೆ. ಪಾತ್ರೆ ಹೇಗೆ ಬಿದ್ದರೂ ಬೀಳಿಸಿದವರಿಗೆ ಗೊತ್ತಾಗುವುದಿಲ್ಲ.

"ಮನೇಲೇನು ಕುದುರೆ ಸಾಕಿದ್ದೀರಾ?" ಎಂದರು ಕೆಳಗಿನವರು. "ಸ್ವಲ್ಪ ಸದ್ದು ಕಡಿಮೆ ಮಾಡಿ ಅಂತ ಕೇಳ್ತಿದ್ದಾರೆ" ಎಂದು ಅಪ್ಪನಿಗೆ ಸನ್ನೆ ಮಾಡಿದೆ. ಅಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿ, "ಇವನ ಮುಖ ಯಾಕೆ ತಳ ಹಿಡಿದ ಪಾತ್ರೆ ಥರ ಇದೆ? ಹೆಂಡತಿ ಊಟ ಹಾಕಲ್ವಾ ಕೇಳು" ಅಂದ. "ತಪ್ಪಾಯ್ತು ಅಂತಿದ್ದಾರೆ ಸಾರ್, ಇನ್ನು ಮೇಲೆ ಹುಷಾರಾಗಿರ್ತಾರಂತೆ" ಎಂದೆ. ಕೆಳಗಿನವರು ಕರಗಿಹೋದರು. "ಪಾಪ, ಎಷ್ಟು ಸಾಧು ಮನುಷ್ಯ ನಿಮ್ಮಪ್ಪ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಐದು ವರ್ಷದವಳಿದ್ದಾಗಿನಿಂದ ಮಾಡಿಕೊಂಡು ಬಂದ ಕಸುಬು ಇದು. ಅಪ್ಪನ ಸನ್ನೆಯಲ್ಲಿ ನೀನು, ನೀವು ಎಂಬ ಭೇದವಿಲ್ಲ; ಬೆರಳು ತೋರಿಸಿದರೆ ಮುಗಿಯಿತು. 'ನೀವು', 'ದಯವಿಟ್ಟು', 'ಸಾರ್' ಎಲ್ಲ ನನ್ನ ಸ್ವಂತ ಖರ್ಚಿನಲ್ಲಿ ಸೇರಿಸುವುದು. ವಕೀಲೆಯಾಗಲು ಇದಕ್ಕಿಂತ ಒಳ್ಳೆಯ ತರಬೇತಿ ಇನ್ನೆಲ್ಲಿ ಸಿಗುತ್ತದೆ?

ಆಗಸ್ಟ್ 29

ಕಕ್ಷಿದಾರರ ಮಾತು ಕೇಳಿ ಬರೆದುಕೊಳ್ಳುವ ಅಭ್ಯಾಸ ಇತ್ತು. ಅಜ್ಜ ಕಕ್ಷಿದಾರ, ನಾನು ವಕೀಲೆ. ಪಕ್ಕದ ಮನೆಯವನ ಬೇಲಿ ಕಿತ್ತುಹಾಕಿದವನ ಪಾತ್ರ ಅಜ್ಜನದು. ಒಳ್ಳೆ ನಟ, ಮೇಜು ಗುದ್ದಿ, "ಕಿತ್ತಾಕ್ದೆ. ಮತ್ತೆ ಹಾಕಿದ್ರೆ ಮತ್ತೆ ಕಿತ್ತಾಕ್ತೀನಿ" ಅಂದರು. ನಾನು ಬರೆದೆ: 'ಬೇಲಿ ಬಿದ್ದ ವಿಷಯದಲ್ಲಿ ಕಕ್ಷಿದಾರರಿಗೆ ವಿಷಾದವಿದೆ.'

ಮೇಷ್ಟ್ರು ಅದನ್ನು ಇಡೀ ತರಗತಿಗೆ ಓದಿದರು. "ಕಕ್ಷಿದಾರ ಹೇಳಿದ್ದನ್ನ ಬರೀಬೇಕಮ್ಮ. ಅವನು ಏನು ಹೇಳಿದ್ರೆ ಚೆನ್ನಾಗಿರ್ತಿತ್ತು ಅನ್ನೋದನ್ನಲ್ಲ." ಎಲ್ಲರೂ ನಕ್ಕರು. ಅಜ್ಜ ಊಟದ ಹೊತ್ತಿಗೆ ಬಂದು, "ನನಗೆ ವಿಷಾದ ಇದೆ ಅಂತ ನನಗೇ ಗೊತ್ತಿರ್ಲಿಲ್ಲ ನೋಡು" ಅಂದರು.

ಮೇಷ್ಟ್ರು ಪುಸ್ತಕದ ಮನುಷ್ಯ. ಲೋಕ ಹೇಗೆ ನಡೆಯುತ್ತದೆಂದು ಅವರಿಗೇನು ಗೊತ್ತು.

ಸೆಪ್ಟೆಂಬರ್ 6, ಶುಕ್ರವಾರ

ವರ್ಕ್‌ಶಾಪಿನ ಮಾಲೀಕರು ನನಗೆ ಫೋನ್ ಮಾಡಿದ್ದರು. ಈಗ ಯಂತ್ರದಲ್ಲಿ ಬಣ್ಣ ಸಿಂಪಡಿಸುವವನು ಬಂದಿದ್ದಾನಂತೆ, ಕೈಪಾಲಿಶ್ ಯಾರೂ ಕೇಳುವುದಿಲ್ಲವಂತೆ. ಅಪ್ಪ ನಾಳೆಯಿಂದ ಬರುವುದು ಬೇಡವಂತೆ. ಇನ್ನೂ ಏನೇನೋ ಹೇಳಿದರು.

ಅಪ್ಪ ನನ್ನ ಎದುರಿಗೇ ನಿಂತಿದ್ದ. ಇಪ್ಪತ್ತೆರಡು ವರ್ಷದ ಕೆಲಸ. ಕೈಯಲ್ಲಿ ತಟ್ಟೆ ಹಿಡಿದುಕೊಂಡಿದ್ದ, ಅದನ್ನು ಕೆಳಗಿಟ್ಟು ಸನ್ನೆ ಮಾಡಿದ, "ಏನಂತೆ?"

"ಕೆಲಸ ಕಡಿಮೆ ಇದೆಯಂತೆ ಅಪ್ಪ. ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಅಂದ್ರು. ಅವರೇ ಕರೀತಾರಂತೆ."

"ನನ್ನ ಕೈ ಬಗ್ಗೆ ಏನಾದ್ರೂ?"

"ಒಳ್ಳೆ ಕೈ ಅಂದ್ರು."

ಅಪ್ಪ ಖುಷಿಯಾಗಿ ಊಟ ಮಾಡಿದ. ಒಂದೆರಡು ವಾರ ಹೋಗಲಿ. ನನ್ನ ಪರೀಕ್ಷೆ ಮುಗಿಯಲಿ, ಸಮಯ ನೋಡಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೇಳಿದರಾಯಿತು.

ಸೆಪ್ಟೆಂಬರ್ 21, ಶನಿವಾರ

ಅಪ್ಪ ಮನೆಯ ಎರಡೂ ಕುರ್ಚಿಗಳನ್ನು ಉಜ್ಜಿ ಪಾಲಿಶ್ ಮಾಡಿ ಮುಗಿಸಿ, ಕೆಳಗಿನ ಮನೆಯವರ ಬಾಗಿಲಿಗೆ ಕೈ ಹಾಕಿದ್ದಾನೆ. ಅವರು ಈಗ ಅಪ್ಪನನ್ನು ದೇವರೆನ್ನುತ್ತಾರೆ.

ಮಧ್ಯಾಹ್ನ ಅಪ್ಪನ ಸ್ನೇಹಿತ ಬಂದಿದ್ದ. ಅವನಿಗೂ ಕಿವಿ ಕೇಳಿಸುವುದಿಲ್ಲ. ಮೀಸೆ ದೊಡ್ಡದು, ಅದಕ್ಕೇ ಅವನನ್ನು ಕರೆಯುವ ಸನ್ನೆಯೇ ಮೀಸೆ. ಹಳೆಯ ಮರದ ಸಾಮಾನು ರಿಪೇರಿ ಮಾಡುವ ಅಂಗಡಿ ಹಾಕುತ್ತಿದ್ದಾನೆ, ಅಪ್ಪ ಬಂದರೆ ಇಬ್ಬರೂ ಪಾಲುದಾರರು. ಬುಧವಾರದೊಳಗೆ ಹೇಳಬೇಕು, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾನೆ.

ಅಪ್ಪ ಒಪ್ಪಲಿಲ್ಲ. "ಮಾಲೀಕ ಕರೀತೀನಿ ಅಂದಿದ್ದಾನೆ. ಆಗ ನಾನಿಲ್ಲ ಅಂದ್ರೆ ಮೋಸ ಆಗುತ್ತೆ."

ನಾನು ಅಲ್ಲೇ ಚಹಾದ ಲೋಟ ಹಿಡಿದು ನಿಂತಿದ್ದೆ. ಎರಡೂ ಕೈಯಲ್ಲಿ ಲೋಟ ಇತ್ತು. ಲೋಟ ಇಲ್ಲದಿದ್ದರೆ ಹೇಳುತ್ತಿದ್ದೆನೇನೋ.

ಅಕ್ಟೋಬರ್ 3

ನಿಧಿಯ ಕಾರ್ಯದರ್ಶಿಯವರ ಫೋನ್. ನವೆಂಬರ್ ಒಂಬತ್ತಕ್ಕೆ ನಮ್ಮ ಮನೆಗೆ ಬರುತ್ತಾರೆ, ಜೊತೆಗೆ ನಿವೃತ್ತ ನ್ಯಾಯಾಧೀಶೆಯೊಬ್ಬರು. "ನಿಮ್ಮ ತಂದೆತಾಯಿ ಜೊತೆ ಮಾತಾಡೋಕೆ ದುಭಾಷಿ ಬೇಕಾ? ವ್ಯವಸ್ಥೆ ಮಾಡ್ತೀವಿ."

"ಬೇಡ ಸಾರ್. ನಾನೇ ಇದ್ದೀನಲ್ಲ."

ಪರೀಕ್ಷೆಯ ಅಂಕ ಬಂತು. ಐವರಲ್ಲಿ ನಾಲ್ಕನೆಯವಳು. ಅಂದರೆ ಈಗ ಎಲ್ಲ ಮನೆಭೇಟಿಯ ಮೇಲೆ ನಿಂತಿದೆ. ಅಪ್ಪನ ಬಾಯಲ್ಲಿ ಏನು ಹೇಳಿಸಬೇಕೆಂದು ಈಗಲೇ ಯೋಚಿಸಿಟ್ಟಿದ್ದೇನೆ. 'ನಮ್ಮ ಕತ್ತಲೆಗೆ ಮಗಳೇ ದೀಪ' ಎಂಬಂಥದ್ದು ಏನಾದರೂ.

ಅಕ್ಟೋಬರ್ 15, ಮಂಗಳವಾರ

ಅಪ್ಪನಿಗೆ ಗೊತ್ತಾಯಿತು.

ಯಾರೂ ಕರೆಯಲಿಲ್ಲವೆಂದು ತಾನೇ ವರ್ಕ್‌ಶಾಪಿಗೆ ಹೋಗಿದ್ದಾನೆ, ಹೊಸ ಬ್ರಷ್ಷು ತೆಗೆದುಕೊಂಡು. ಅವನು ಕೂರುತ್ತಿದ್ದ ಜಾಗದಲ್ಲಿ ಮುಖಕ್ಕೆ ಮುಸುಕು ಕಟ್ಟಿಕೊಂಡ ಒಬ್ಬ ಯಂತ್ರ ಹಿಡಿದು ನಿಂತಿದ್ದನಂತೆ. ಮಾಲೀಕರು ಒಂದು ಕಾಗದದ ಮೇಲೆ ಬರೆದು ತೋರಿಸಿದ್ದಾರೆ: ನಿನ್ನ ಮಗಳಿಗೆ ಅವತ್ತೇ ಹೇಳಿದೆನಲ್ಲ.

ಮನೆಗೆ ಬಂದು ನನ್ನನ್ನು ಕೇಳಿದ, "ಅವತ್ತೇ ಹೇಳಿದ್ರಾ?"

"ಹೌದು ಅಪ್ಪ, ಆದ್ರೆ ನಾನು ಯಾಕೆ ಅಂದ್ರೆ—"

ಅಪ್ಪ ಕಣ್ಣು ಮುಚ್ಚಿಕೊಂಡ.

ಕೇಳಿಸುವವರ ಮನೆಯಲ್ಲಿ ಮುಖ ತಿರುಗಿಸಿದರೂ ಕೂಗಿ ಹೇಳಬಹುದು. ನಮ್ಮ ಮನೆಯಲ್ಲಿ ಕಣ್ಣು ಮುಚ್ಚಿದರೆ ಬಾಗಿಲು ಹಾಕಿ ಚಿಲಕ ಇಟ್ಟಂತೆ. ನನ್ನ ಕೈಗಳು ಗಾಳಿಯಲ್ಲಿ ಹಾಗೇ ಇದ್ದವು. ನನ್ನ ಇಪ್ಪತ್ತಮೂರು ವರ್ಷದಲ್ಲಿ ಅಪ್ಪ ಒಂದು ಸಲವೂ ನನ್ನೆದುರು ಹೀಗೆ ಕಣ್ಣು ಮುಚ್ಚಿರಲಿಲ್ಲ.

ಅಕ್ಟೋಬರ್ 16

ಮೀಸೆಯ ಅಂಗಡಿಗೆ ಬೇರೆ ಪಾಲುದಾರ ಸಿಕ್ಕಿದ್ದಾನೆ. ವಿಚಾರಿಸಿಕೊಂಡು ಬಂದೆ. ಬೇಕಾದರೆ ದಿನಗೂಲಿಗೆ ಬರಲಿ ಅಂದ.

ಅಕ್ಟೋಬರ್ 20, ಭಾನುವಾರ

ಅಪ್ಪ ನನ್ನ ಕಡೆ ನೋಡುವುದಿಲ್ಲ. ನೋಡದಿದ್ದರೆ ಹೇಳುವ ಹಾಗೂ ಇಲ್ಲ. ಹೇಳಬೇಕಾದ್ದನ್ನು ಅಮ್ಮನಿಗೆ ಹೇಳಿ, ಅಮ್ಮ ಅಪ್ಪನಿಗೆ ದಾಟಿಸಬೇಕು.

ಇವತ್ತು ಬಹಳ ಹೊತ್ತು ಹೇಳಿದೆ. ನನಗೆ ಅವನ ಮುಖ ಬಾಡುವುದನ್ನು ನೋಡಲು ಆಗಲಿಲ್ಲ, ದಿನ ಮುಂದಕ್ಕೆ ಹಾಕುತ್ತ ಹೋದೆ, ಮೀಸೆ ಬಂದ ದಿನ ಹೇಳಬೇಕಿತ್ತು, ಹೇಳಲಿಲ್ಲ, ಅದು ನನ್ನದೇ ತಪ್ಪು, ಎಂದೆಲ್ಲ. ಕೈ ನೋವು ಬಂತು. ಅಮ್ಮ ಎಲ್ಲವನ್ನೂ ಗಮನವಿಟ್ಟು ನೋಡಿ, ಕಣ್ಣೊರೆಸಿಕೊಂಡು, ಅಪ್ಪನ ಕಡೆ ತಿರುಗಿ ಹೇಳಿದಳು, "ಊಟಕ್ಕೆ ಬಾ ಅಂತಿದ್ದಾಳೆ."

"ಅಮ್ಮ, ನಾನು ಹೇಳಿದ್ದು ಅದಲ್ಲ!"

"ಅಷ್ಟೆಲ್ಲ ಹೇಳಿದ್ರೆ ಊಟ ಬಿಟ್ಟು ಎದ್ದು ಹೋಗ್ತಾನೆ. ಮೊದಲು ತಿನ್ನಲಿ."

ಎಷ್ಟು ಸಿಟ್ಟು ಬಂತೆಂದರೆ ಹೇಳತೀರದು. ನನ್ನ ಮಾತು ನನ್ನ ಕಣ್ಣೆದುರಿಗೇ ಬೇರೆಯಾಗಿ ಹೋಯಿತು. ಅಮ್ಮನಿಗೆ ಯಾರು ಕೊಟ್ಟರು ಈ ಅಧಿಕಾರ?

ಅಕ್ಟೋಬರ್ 28

ಅಜ್ಜನಿಗೆ ಎಲ್ಲ ಹೇಳಿದೆ. ಗ್ರಂಥಾಲಯದ ಹೊರಗಿನ ಮೆಟ್ಟಿಲ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತ ಕೇಳಿದರು.

"ಮನೆಭೇಟಿ ದಿನ ದುಭಾಷಿ ಯಾರು?"

"ನಾನೇ."

"ನಿನ್ನ ಕೇಸಿಗೆ ನೀನೇ ದುಭಾಷಿ ಆದ್ರೆ ಹೆಂಗಮ್ಮ? ಮೊದಲನೇ ತಿಂಗಳಲ್ಲೇ ಓದಿದ್ವಲ್ಲ. ಫೋನ್ ಮಾಡು, ಬೇರೆಯವರು ಬೇಕು ಅನ್ನು."

"ಬೇರೆಯವರು ಬಂದ್ರೆ ಅಪ್ಪ ಏನು ಹೇಳ್ತಾರೋ ಅದು ಹಾಗೇ ಹೋಗುತ್ತೆ ಅಜ್ಜ."

"ಹಾಗೇ ಹೋಗ್ಲಿ ಅಂತಾನೇ ಅಲ್ವಾ ದುಭಾಷಿ ಇರೋದು?"

ಅವರಿಗೇನು, ಅವರ ಮನೆಭೇಟಿ ಆಗಿಹೋಯಿತು. ಹೆಂಡತಿ ನ್ಯಾಯಾಧೀಶೆಯ ಎದುರೇ "ಈ ವಯಸ್ಸಲ್ಲಿ ಇವರಿಗೆ ಬೇಕಿತ್ತಾ" ಅಂದರಂತೆ. ಅಜ್ಜ ಅದನ್ನು ನಗುತ್ತ ಹೇಳಿಕೊಂಡು ತಿರುಗುತ್ತಿದ್ದಾರೆ.

ಫೋನ್ ಮಾಡಲಿಲ್ಲ. ನಂಬರ್ ಒತ್ತಿ, ಸದ್ದಾಗುವ ಮೊದಲೇ ಇಟ್ಟೆ.

ನವೆಂಬರ್ 8

ಅಮ್ಮ ಮನೆಯನ್ನೇ ಇಸ್ತ್ರಿ ಮಾಡಿದಂತೆ ಮಾಡಿದ್ದಾಳೆ. ಅಪ್ಪ ಅಂಗಿ ಆರಿಸಿಟ್ಟುಕೊಂಡಿದ್ದಾನೆ. ಏನು ಹೇಳುತ್ತಾನೋ ಗೊತ್ತಿಲ್ಲ. ಏನೇ ಹೇಳಲಿ, ಬಂದವರಿಗೆ ಸನ್ನೆ ಬರುವುದಿಲ್ಲ, ಅಪ್ಪನಿಗೆ ಕೇಳಿಸುವುದಿಲ್ಲ. ಮಧ್ಯೆ ಇರುವುದು ನಾನೊಬ್ಬಳೇ. ಎರಡು ತಿಂಗಳ ಹಿಂದಾಗಿದ್ದರೆ ಈ ಮಾತಿಗೆ ಧೈರ್ಯ ಬರುತ್ತಿತ್ತು.

ನವೆಂಬರ್ 9, ಶನಿವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹನ್ನೊಂದರ ಸುಮಾರಿಗೆ ಬಂದರು. ಕಾರ್ಯದರ್ಶಿ ದಪ್ಪಗೆ, ಕೈಯಲ್ಲಿ ಪೆನ್ನು. ನ್ಯಾಯಾಧೀಶೆ ತೆಳ್ಳಗೆ, ಎಪ್ಪತ್ತರ ಆಸುಪಾಸು, ಕೂರುವ ಮೊದಲು ಕುರ್ಚಿಯ ತೋಳನ್ನು ಸವರಿ "ಎಂಥ ಪಾಲಿಶ್" ಅಂದರು. ಅದನ್ನು ಅಪ್ಪನಿಗೆ ಹೇಳಿದೆ. ಹೇಳಬೇಕಾದ್ದರಿಂದ ಅಪ್ಪ ನನ್ನ ಕೈ ನೋಡಲೇಬೇಕಾಯಿತು. ಕೈ ಮಾತ್ರ ನೋಡಿದ, ಮುಖ ನೋಡಲಿಲ್ಲ.

ಎಲ್ಲರೂ ನನ್ನನ್ನು ನೋಡಿ "ಅವರಿಗೆ ಹೇಳಮ್ಮ" ಅನ್ನುತ್ತಾರೆ. ಮೇಡಂ ಹಾಗಲ್ಲ, ಅಪ್ಪನನ್ನೇ ನೋಡಿ ಕೇಳಿದರು. "ಮಗಳು ವಕೀಲೆ ಆಗ್ತಾಳೆ. ನಿಮಗೆ ಸಂತೋಷಾನಾ?"

ಸನ್ನೆ ಮಾಡಿದೆ. ಅಪ್ಪ ಅಂಗಿಯ ತೋಳು ಮಡಚಿಕೊಂಡು ಹೇಳಿದ. ಅಪ್ಪ ಹೇಳಿದ್ದು ಇಷ್ಟು:

"ಇವಳಿಗೆ ಕೊಡಬೇಡಿ. ಇವಳು ಮಾತು ಬದಲಾಯಿಸ್ತಾಳೆ. ನನ್ನನ್ನ ಕೆಲಸದಿಂದ ತೆಗೆದುಹಾಕಿದ್ರು, ಇವಳು ಬಂದು ವಿಶ್ರಾಂತಿ ಅಂದ್ಲು. ನಾನು ನಂಬಿ ಮನೇಲಿ ಕೂತು ನೀವು ಕೂತಿರೋ ಕುರ್ಚಿ ಉಜ್ಜಿದೆ. ಹುಡುಕಿಕೊಂಡು ಬಂದ ಕೆಲಸಾನೂ ಬಿಟ್ಟೆ. ನಾಳೆ ಜೈಲಿಗೆ ಹೋಗೋನಿಗೂ ಇವಳು ಹೀಗೇ ಹೇಳ್ತಾಳೆ, ಸ್ವಲ್ಪ ದಿನ ವಿಶ್ರಾಂತಿ, ಅವರೇ ಕರೀತಾರೆ ಅಂತ."

"ಏನಂತಾರೆ?" ಎಂದರು ಕಾರ್ಯದರ್ಶಿ, ಬರೆದುಕೊಳ್ಳಲು ಸಿದ್ಧರಾಗಿ, ನಗುನಗುತ್ತ. ಅಪ್ಪ ಅಷ್ಟು ಹೊತ್ತು ಕೈ ಆಡಿಸಿದ್ದು ನೋಡಿ ಬಹಳ ಹೊಗಳಿದ್ದಾನೆಂದುಕೊಂಡಿರಬೇಕು.

ನಾಲಗೆಯ ತುದಿಯಲ್ಲಿ ತಯಾರಾಗಿತ್ತು: ತುಂಬಾ ಸಂತೋಷ ಅಂತಿದ್ದಾರೆ ಸಾರ್, ಹೇಳೋಕೆ ಮಾತೇ ಸಾಲದಂತೆ. ಕತ್ತಲೆ, ದೀಪ, ಎಲ್ಲ ಇತ್ತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಪ್ಪನ ಕಡೆ ನೋಡಿದೆ. ಅವನು ನನ್ನ ಬಾಯನ್ನಾಗಲಿ ಕೈಯನ್ನಾಗಲಿ ನೋಡುತ್ತಿರಲಿಲ್ಲ. ಮೇಡಂ ಮುಖವನ್ನು ನೋಡುತ್ತಿದ್ದ. ನಾನು ಏನು ಹೇಳಿದೆನೆಂದು ಅಲ್ಲಿ ಓದಿಕೊಳ್ಳಲು ಕಾಯುತ್ತಿದ್ದ. ಇಷ್ಟು ವರ್ಷ ಹಾಗೇ ಓದಿಕೊಂಡಿದ್ದನೇನೋ. ತಾನು ತಳ ಹಿಡಿದ ಪಾತ್ರೆ ಎಂದದ್ದಕ್ಕೆ ಕೆಳಗಿನ ಮನೆಯವರು ಕರಗಿಹೋದದ್ದನ್ನೂ.

ಹೇಳಿದೆ. ಒಂದೂ ಬಿಡದೆ, ಒಂದೂ ಸೇರಿಸದೆ. 'ಕೊಡಬೇಡಿ'ಯಿಂದ ಶುರುಮಾಡಿ ಜೈಲಿನವರೆಗೆ. ಸಿಕ್ಕಿಬೀಳುತ್ತೇನೆಂದು ಹೆದರಿ ಹೇಳಿದೆನೋ, ಹೇಳಬೇಕೆಂದು ಹೇಳಿದೆನೋ, ಈಗ ಕೂತು ಯೋಚಿಸಿದರೂ ಗೊತ್ತಾಗುತ್ತಿಲ್ಲ. ಧ್ವನಿ ನಡುಗಿತು, ಅದು ಮಾತ್ರ ಅಪ್ಪನದಲ್ಲ, ನನ್ನದು.

ಕಾರ್ಯದರ್ಶಿಯ ಪೆನ್ನು ನಿಂತಿತು. ಮೇಡಂ ಮುಖ ಮೊದಲು ಗಂಭೀರವಾಯಿತು. ಆಮೇಲೆ ಜೈಲಿನ ಮಾತು ಸ್ವಲ್ಪ ತಡವಾಗಿ ತಲುಪಿತೆಂದು ಕಾಣುತ್ತದೆ, ತಡೆಯಲು ನೋಡಿ ಆಗದೆ ನಕ್ಕುಬಿಟ್ಟರು. ಜೋರಾಗಿ, ಭುಜ ಕುಲುಕುವ ಹಾಗೆ.

ಅಪ್ಪ ಅದನ್ನು ನೋಡಿದ. ನಮ್ಮ ಮನೆಯಲ್ಲಿ ಅಪ್ಪನಷ್ಟು ತಮಾಷೆಯ ಮನುಷ್ಯ ಇಲ್ಲ. ಅಮ್ಮ ನಗುತ್ತಾಳೆ, ಮೀಸೆ ನಗುತ್ತಾನೆ, ನಾನು ನಗುತ್ತೇನೆ. ಹೊರಗಿನವರೊಬ್ಬರು ಅವನ ಮಾತಿಗೆ ನಕ್ಕದ್ದು ಇದೇ ಮೊದಲು. ನಗುವಂಥದ್ದೇನನ್ನೂ ಅವರವರೆಗೆ ನಾನು ಹೋಗಗೊಟ್ಟಿರಲಿಲ್ಲ. ಇಷ್ಟು ವರ್ಷ ಅಪ್ಪನನ್ನು ಸಾಧು ಮನುಷ್ಯನನ್ನಾಗಿ ಮಾಡಿಟ್ಟಿದ್ದೆ. ಬರೆಯುವಾಗ ಅಳು ಬರುತ್ತಿದೆ.

ಮೇಡಂ ನನ್ನ ಕಡೆ ತಿರುಗಿದರು. "ಯಾಕಮ್ಮ ಹಾಗೆ ಹೇಳಿದೆ ಅವರಿಗೆ?"

"ಅಪ್ಪನಿಗೆ ಬೇಜಾರಾಗುತ್ತೆ ಅಂತ." ಬಾಯಲ್ಲೂ ಹೇಳಿದೆ, ಕೈಯಲ್ಲೂ ಹೇಳಿದೆ, ಅಪ್ಪನಿಗೂ ತಿಳಿಯಲೆಂದು.

"ಬೇಜಾರು ಮಾಡ್ಕೊಳ್ಳೋದು ಅವರ ಹಕ್ಕಲ್ವಾ?"

'ಹಕ್ಕು' ಎಂಬುದಕ್ಕೆ ನಾವಿನ್ನೂ ಸನ್ನೆ ಮಾಡಿಕೊಂಡಿರಲಿಲ್ಲ. 'ಬೇಜಾರು, ಅದು ಅವರದು, ಅವರ ಕೈಯಿಂದ ಕಿತ್ಕೋಬೇಡ' ಎಂದು ಸನ್ನೆ ಮಾಡಿದೆ. ಅಪ್ಪ ಅಂಗೈಯಿಂದ ಮೇಜು ಗುದ್ದಿದ. ಲೋಟಗಳು ಹಾರಿದವು, ಕಾರ್ಯದರ್ಶಿಯೂ. ಆಮೇಲೆ ಅಪ್ಪ ನನ್ನ ಮುಖ ನೋಡಿದ, ನೋಡಿಕೊಂಡೇ ಅವರಿಗೆ ಹೇಳಿದ, "ಇವತ್ತು ಸರಿಯಾಗಿ ಹೇಳಿದ್ಲು."

ಇದನ್ನೂ ನಾನೇ ಹೇಳಬೇಕಿತ್ತು. ಹೇಳಿದೆ.

"ಇದೂ ಅವರೇ ಹೇಳಿದ್ದಾ?" ಎಂದರು ಕಾರ್ಯದರ್ಶಿ, ಕನ್ನಡಕದ ಮೇಲಿಂದ ನೋಡುತ್ತ.

"ಹೌದು ಸಾರ್. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

'ಕೊಡಿ' ಎಂದು ಮಾತ್ರ ಅಪ್ಪ ಹೇಳಲಿಲ್ಲ. ನಾನೂ ಸೇರಿಸಲಿಲ್ಲ.

ನವೆಂಬರ್ 10

ಬೆಳಿಗ್ಗೆ ಅಪ್ಪ ನನ್ನೆದುರು ಬಂದು ಕೂತು ಮಂಡಿ ತಟ್ಟಿದ. ಪಾಠವೆಂದುಕೊಂಡೆ. "ಅವತ್ತು ಮಾಲೀಕ ಹೇಳಿದ್ದನ್ನ ಪೂರ್ತಿ ಹೇಳು."

ಅವತ್ತು ಇಲ್ಲಿ 'ಇನ್ನೂ ಏನೇನೋ ಹೇಳಿದರು' ಎಂದು ಬರೆದಿದ್ದೇನೆ. ಅದು ಇಷ್ಟು: "ಆ ಮೂಗನ ಕೈ ಸತ್ತುಹೋಗಿದೆ. ಇಷ್ಟು ದಿನ ಇಟ್ಕೊಂಡಿದ್ದೇ ಪುಣ್ಯ ಬರ್ಲಿ ಅಂತ."

ಹೇಳಿದೆ. ಕೈ ಮೇಲೇಳಲಿಲ್ಲ, ಎಬ್ಬಿಸಿ ಹೇಳಿದೆ. ಅಪ್ಪನ ಮುಖ ಬಾಡಿತು. ನಾನು ಹೆದರಿದ್ದು ಇದಕ್ಕೇ. ಆದರೆ ಈ ಸಲ ಕಣ್ಣು ಮುಚ್ಚಲಿಲ್ಲ.

"ಮೂಗ ಅನ್ನೋದು ನನಗೆ ಗೊತ್ತು. ತುಟಿಯಲ್ಲಿ ಓದೋಕೆ ಬಹಳ ಸುಲಭದ ಮಾತು ಅದು" ಅಂದ. ಆಮೇಲೆ, "ಪುಣ್ಯ ಅನ್ನೋದು ಗೊತ್ತಿರ್ಲಿಲ್ಲ" ಅಂದ.

ಬ್ರಷ್ಷುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಎಲ್ಲಿಗೆ ಎಂದೆ. ಮೂಗಿನ ಕೆಳಗೆ ಬೆರಳೆಳೆದು ಮೀಸೆ ತೋರಿಸಿದ. ದಿನಗೂಲಿಯಾದರೆ ದಿನಗೂಲಿ.

ನವೆಂಬರ್ 26

ಕೆಳಗಿನ ಮನೆಯವರು ಬಂದಿದ್ದರು, ಅಪ್ಪನಿಗೆ ಧನ್ಯವಾದ ಹೇಳಲು. ಬಾಗಿಲು ನೋಡಿ ಅವರ ನೆಂಟರೆಲ್ಲ ಕೇಳುತ್ತಿದ್ದಾರಂತೆ. ಅಪ್ಪ ಏನೋ ಅಂದ. "ಬಾಗಿಲು ಹೊಳೀತಿದೆ, ಮನೆಯವನ ಮುಖಕ್ಕೂ ಒಂದು ಕೈ ಪಾಲಿಶ್ ಹಾಕ್ಲಾ ಅಂತ ಕೇಳ್ತಿದ್ದಾರೆ" ಎಂದೆ. ಅವರು ಬಾಯಿ ತೆರೆದು ನಿಂತರು. ಇನ್ನು ಮುಂದೆ ಸಾಧು ಮನುಷ್ಯ ಅನ್ನಲಾರರು.

ಮೇಷ್ಟ್ರು ಇವತ್ತಿನ ಅಭ್ಯಾಸದಲ್ಲಿ ನನ್ನ ಹಾಳೆ ನೋಡಿ ಒಂದು ಸಾಲನ್ನೂ ತಿದ್ದದೆ ವಾಪಸು ಕೊಟ್ಟರು.

ಡಿಸೆಂಬರ್ 2, ಸೋಮವಾರ

ಸಂಜೆ ಕಾರ್ಯದರ್ಶಿಯವರ ಫೋನ್. ಅಪ್ಪ ಅಮ್ಮ ಇಬ್ಬರೂ ಬಂದು ಎದುರಿಗೆ ನಿಂತರು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದೆ, ಎರಡೂ ಕೈ ಖಾಲಿ ಇರಲೆಂದು. ಅವರು ಹೇಳುತ್ತ ಹೋದ ಹಾಗೆ ನಾನೂ ಸನ್ನೆ ಮಾಡುತ್ತ ಹೋದೆ.

"ಮೂವರಲ್ಲಿ ನೀವೂ ಒಬ್ಬರು. ಕೊನೆಯವರು. ಬ್ಯಾಂಕ್ ಕಾವಲಿನವರು ಮೊದಲನೆಯವರು, ಸರ್ಕಸ್ ಹುಡುಗಿ ಎರಡನೆಯವರು. ನಿಮ್ಮ ಅಂಕ ಸಾಧಾರಣ, ಮುಂದಿನ ವರ್ಷ ಹೀಗೇ ಇದ್ರೆ ನಿಲ್ಲಿಸಿಬಿಡ್ತೀವಿ. ನಾನಂತೂ ನಿಮ್ಮ ಪರ ಇರಲಿಲ್ಲ. ಮೇಡಂ ಹಟ ಹಿಡಿದ್ರು."

ಅಮ್ಮ ಮೊದಲ ವಾಕ್ಯಕ್ಕೇ ಅಳಲು ಶುರುಮಾಡಿದಳು, ಉಳಿದದ್ದನ್ನು ಸರಿಯಾಗಿ ನೋಡಲಿಲ್ಲ. ಗಾಲಿಕುರ್ಚಿಯವಳಿಗೂ ಅನಾಥಾಲಯದವನಿಗೂ ಇಲ್ಲ. ಅವರ ಮುಖ ನಾಳೆ ನೋಡಬೇಕು, ಏನು ಹೇಳುವುದೋ ಗೊತ್ತಿಲ್ಲ. ಏನೋ ಒಂದು ಸಮಾಧಾನ ಹೇಳಿ ಮುಗಿಸಲು ಈಗ ನನಗೆ ಬರುವುದಿಲ್ಲ.

"ಇನ್ನೊಂದು" ಎಂದರು ಕಾರ್ಯದರ್ಶಿ. "ಮೇಡಂ ನಿಮ್ಮ ತಂದೆ ಬಗ್ಗೆ ಹೇಳಿದ್ರು. ಮನುಷ್ಯ ಸ್ವಲ್ಪ ಒರಟು, ಆದ್ರೆ ಎಂಥ ಮಾತುಗಾರ ಅಂತ."

ಒರಟಿಗೆ ಸನ್ನೆ ಇದೆ, ಸ್ಯಾಂಡ್ ಪೇಪರಿನದೇ. ಅದನ್ನು ಮಾಡಿದೆ. ಮಾತುಗಾರ ಎನ್ನಲು ಸನ್ನೆ ಇರಲಿಲ್ಲ. ನಮ್ಮ ಮನೆಯಲ್ಲಿ ಅದು ಬೇಕಾಗಿರಲಿಲ್ಲ. ವಕೀಲರಿಗೆಂದು ಅಮ್ಮ ಮಾಡಿದ ಬಾಯಿ ಪಟಪಟವನ್ನು ಬಾಯಿಯ ಹತ್ತಿರದಿಂದ ತೆಗೆದು ಎರಡೂ ಕೈಗೆ ಹಾಕಿ, ಅಪ್ಪನ ಕಡೆ ಬೆರಳು ತೋರಿಸಿದೆ.

ಅಪ್ಪ ಹಿಂದೆ ತಿರುಗಿ ನೋಡಿದ, ಅಲ್ಲಿ ಬೇರೆ ಯಾರಾದರೂ ಇದ್ದಾರೇನೋ ಎಂಬಂತೆ.

"ನಾನಾ?"

"ನೀನೇ."

ಅಂಗಿಯ ತೋಳು ಸರಿಮಾಡಿಕೊಂಡ. "ಒರಟು ಅನ್ನೋದನ್ನ ಬಿಡಬಹುದಿತ್ತು" ಅಂದ. ಆಮೇಲೆ, "ಇನ್ನೊಂದನ್ನ ಇನ್ನೊಂದು ಸಲ ಹೇಳು" ಅಂದ.

ಹೇಳಿದೆ.

"ಅಮ್ಮನಿಗೂ ಹೇಳು."

ಅಮ್ಮ ಅಲ್ಲೇ ನಿಂತು ಎರಡು ಸಲವೂ ನೋಡಿದ್ದಳು. ಆದರೂ ಹೇಳಿದೆ.